ಒಂದು ಹಬೆ, ಎರಡು ದುಡಿಮೆ

ರಸಾಯನಶಾಸ್ತ್ರವನ್ನೆಲ್ಲ ಬದಿಗಿಟ್ಟು ನೋಡಿದರೆ ಸಕ್ಕರೆ ಮಾಡುವುದೆಂದರೆ ನೀರನ್ನು ಓಡಿಸುವ ಕೆಲಸ. ಶುದ್ಧೀಕರಿಸಿದ ಕಬ್ಬಿನ ಹಾಲಿನಲ್ಲಿ ಕರಗಿರುವ ಘನಪದಾರ್ಥ ನೂರಕ್ಕೆ ಸುಮಾರು 14 ಪಾಲು, ಉಳಿದದ್ದು ನೀರು. ಹರಳುಗಟ್ಟಿಸುವ ಪ್ಯಾನ್‌ಗೆ ಹೋಗುವ ಮೊದಲು ಆ 14 ಪಾಲು ಸುಮಾರು 60ಕ್ಕೆ ಏರಬೇಕು. ಅಂದರೆ 100 ಕೆಜಿ ಹಾಲಿನಿಂದ 75 ಕೆಜಿಗೂ ಹೆಚ್ಚು ನೀರು ಆವಿಯಾಗಿ ಹೋಗಬೇಕು. ದಿನಕ್ಕೆ 5,000 ಟನ್ ಕಬ್ಬು ಅರೆಯುವ ಕಾರ್ಖಾನೆಯೊಂದು ಹೀಗೆ ಪ್ರತಿದಿನ ಮೂರೂವರೆ ಸಾವಿರ ಟನ್ನಿಗೂ ಮಿಕ್ಕಿ ನೀರನ್ನು ಕುದಿಸಿ ತೆಗೆಯುತ್ತದೆ. ಇದಕ್ಕೆ ಬೇಕಾದ ಉರುವಲನ್ನು ಕಬ್ಬು ತನ್ನ ಜೊತೆಗೇ ತರುತ್ತದೆ. 100 ಟನ್ ಕಬ್ಬು ಅರೆದರೆ ಕೊನೆಯ ಗಾಣದಿಂದ 30 ಟನ್ನಿನಷ್ಟು ಸಿಪ್ಪೆ ಹೊರಬೀಳುತ್ತದೆ. ಆಲೆಮನೆಯವರು ರಚ್ಚು ಎನ್ನುವುದು, ಕಾರ್ಖಾನೆಯವರು ಬಗ್ಯಾಸ್ ಎನ್ನುವುದು ಇದನ್ನೇ. ಆಲೆಮನೆಯಲ್ಲಿ ಅದನ್ನು ಬಿಸಿಲಿಗೆ ಹರಡಿ ಒಣಗಿಸಿ ಕೊಪ್ಪರಿಗೆಯ ಕೆಳಗಿನ ಒಲೆಗೆ ನೂಕುತ್ತಾರೆ. ಕಾರ್ಖಾನೆಗೆ ಅಷ್ಟು ಪುರುಸೊತ್ತಿಲ್ಲ. ತೂಕದ ಅರ್ಧದಷ್ಟು ನೀರನ್ನು ಇನ್ನೂ ಹಿಡಿದುಕೊಂಡಿರುವ ಹಸಿ ಸಿಪ್ಪೆ ಸಾಗಣೆಪಟ್ಟಿಯ ಮೇಲೆ ನೇರವಾಗಿ ಬಾಯ್ಲರ್‌ನ ಬಾಯಿಗೆ ಹೋಗುತ್ತದೆ. ಹಾಗಿದ್ದೂ ಒಂದು ಕೆಜಿ ಸಿಪ್ಪೆಯಿಂದ 2.3 ಕೆಜಿಯಷ್ಟು ಹಬೆ ಹುಟ್ಟುತ್ತದೆ.

ಈ ಹಬೆ ಎಷ್ಟು ಬಿಸಿಯಿರಬೇಕು ಎನ್ನುವಲ್ಲಿ ವಿಷಯದ ಗಂಟು ಇದೆ. ಕಬ್ಬಿನ ಹಾಲನ್ನು ಕುದಿಸಲು ಭಾರೀ ಬಿಸಿ ಬೇಕಿಲ್ಲ. 125 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಹಬೆ ಸಾಕು, ಅದಕ್ಕಿಂತ ತೀರಾ ಹೆಚ್ಚಾದರೆ ಸಕ್ಕರೆಯೇ ಕೆಡುತ್ತದೆ. ಆದರೆ ಸಿಪ್ಪೆ ಉರಿಯುವ ಕುಲುಮೆಯ ಒಳಗಿನ ಬಿಸಿ ಇದರ ಎಷ್ಟೋ ಪಟ್ಟು. ಅಷ್ಟು ಎತ್ತರದ ಶಾಖವನ್ನು ಒಮ್ಮೆಗೇ 125 ಡಿಗ್ರಿಗೆ ಇಳಿಸಿಬಿಟ್ಟರೆ ನಡುವಿನ ಇಳಿತವೆಲ್ಲ ವ್ಯರ್ಥ. ಶಾಖದ ಇಳಿತವನ್ನು ನೀರಿನ ಧುಮುಕಿಗೆ ಹೋಲಿಸಿದವನು ಫ್ರಾನ್ಸಿನ ಸಾದಿ ಕಾರ್ನೊ, 1824ರಲ್ಲಿ. ಎತ್ತರದಿಂದ ಬೀಳುವ ನೀರು ಚಕ್ರ ತಿರುಗಿಸುವ ಹಾಗೆ ಬಿಸಿಯಿಂದ ತಂಪಿನ ಕಡೆಗೆ ಇಳಿಯುವ ಶಾಖ ಯಂತ್ರ ತಿರುಗಿಸುತ್ತದೆ ಎಂಬುದು ಅವನ ಹೊಳಹು. ಚಕ್ರ ತಿರುಗಿಸಿದ ನೀರು ಅಷ್ಟೂ ಕೆಳಗೆ ಹರಿದುಹೋಗುವಂತೆ ಶಾಖವೂ ಒಂದಿಷ್ಟೂ ಕಡಿಮೆಯಾಗದೆ ಹರಿದುಹೋಗುತ್ತದೆ ಎಂದೂ ಅವನು ನಂಬಿದ್ದ. ಅದು ತಪ್ಪು, ಎಷ್ಟು ಕೆಲಸ ನಡೆಯಿತೋ ಅಷ್ಟು ಶಾಖ ಕರಗಿಹೋಗಿರುತ್ತದೆ. ಆದರೂ ಸಕ್ಕರೆ ಕಾರ್ಖಾನೆಯ ಮಟ್ಟಿಗೆ ಕಾರ್ನೊ ನಂಬಿಕೆ ತೀರಾ ದೂರದ ಮಾತಲ್ಲ. ಬಾಯ್ಲರ್‌ನಿಂದ ಬಂದ ಹಬೆ ಟರ್ಬೈನ್ ತಿರುಗಿಸಿ ಹೊರಬಂದಾಗ ಅದರ ಶಾಖದ ಮುಕ್ಕಾಲು ಪಾಲಿಗೂ ಹೆಚ್ಚು ಹಾಗೆಯೇ ಉಳಿದಿರುತ್ತದೆ. ಆ ಉಳಿದ ಶಾಖ ಹಾಲು ಕುದಿಸಲು ಸಾಕಾಗುತ್ತದೆ. ಒಂದೇ ಹಬೆ ಮೊದಲು ವಿದ್ಯುತ್ತಿಗೆ, ಆಮೇಲೆ ಸಕ್ಕರೆಗೆ ದುಡಿಯುವ ಈ ಏರ್ಪಾಟಿಗೆ ಸಹವಿದ್ಯುತ್ ಉತ್ಪಾದನೆ ಎಂದು ಹೆಸರು. ಕಾರ್ಖಾನೆಯ ಆವರಣದಲ್ಲಿ ಎಲ್ಲರೂ ಅನ್ನುವುದು ಕೋಜೆನ್ ಎಂದೇ.

ಕೋಜೆನ್ ಘಟಕವನ್ನು ಸಾಮಾನ್ಯವಾಗಿ ಅಳೆಯುವುದು ಮೆಗಾವಾಟ್‌ಗಳಲ್ಲಿ. ಶಂಕುಸ್ಥಾಪನೆಯ ಫಲಕದ ಮೇಲೂ ವಾರ್ಷಿಕ ವರದಿಯಲ್ಲೂ ಅದೇ ಅಂಕಿ. ಅಳತೆಗೋಲು ಅಲ್ಲೇ ತಪ್ಪಿದೆ ಎಂಬುದು ನನ್ನ ವಾದ. ಕೋಜೆನ್ ಎಷ್ಟು ದೊಡ್ಡದಿರಬೇಕು ಎಂದು ಹೇಳಬೇಕಾದುದು ಅದರ ಶಾಖವನ್ನು ಬಳಸಿಕೊಳ್ಳುವ ಪಾಕದ ಮನೆ. ಅಲ್ಲಿಗೆ ಬೇಕಾದ ಶಾಖದ ಹಿಂದೆ ಬರುವ ವಿದ್ಯುತ್ತು ಅತ್ಯಂತ ಅಗ್ಗ. ಆ ಗಡಿ ದಾಟಿ ಉತ್ಪಾದಿಸುವ ವಿದ್ಯುತ್ತು ಹೆಸರಿಗೆ ಮಾತ್ರ ಕೋಜೆನ್.

ಒಂದು ಕೆಜಿ ಹಬೆಯ ಲೆಕ್ಕ ಹಾಕಿ ನೋಡೋಣ. ಹಿಂದಿನ ತಲೆಮಾರಿನ ಕಾರ್ಖಾನೆಗಳ ಬಾಯ್ಲರ್‌ಗಳು ಚದರ ಸೆಂಟಿಮೀಟರಿಗೆ 21 ಕೆಜಿ ಒತ್ತಡದಲ್ಲಿ, 340 ಡಿಗ್ರಿ ಬಿಸಿಯಲ್ಲಿ ಹಬೆ ಕೊಡುತ್ತಿದ್ದವು. ಬಾಯ್ಲರ್‌ಗೆ ಹೋಗುವ ಬಿಸಿನೀರನ್ನು ಆ ಹಂತಕ್ಕೆ ತರಲು ಕೆಜಿಗೆ ಸುಮಾರು 2,700 ಕಿಲೋಜೌಲ್ ಶಾಖ ಬೇಕು. ಅದು ಅಂದಿನ ಸಾಧಾರಣ ಟರ್ಬೈನ್ ಹಾದು ಪಾಕದ ಮನೆಯ ಒತ್ತಡಕ್ಕೆ ಇಳಿಯುವಾಗ ವಿದ್ಯುತ್ತಾಗಿ ಸಿಗುತ್ತಿದ್ದುದು 290 ಕಿಲೋಜೌಲ್‌ನ ಆಸುಪಾಸು. ಟನ್ ಹಬೆಗೆ 80 ಯೂನಿಟ್ ಎಂದುಕೊಳ್ಳಿ. ಇಂದಿನ ಬಾಯ್ಲರ್‌ಗಳು 87 ಕೆಜಿ ಒತ್ತಡದಲ್ಲಿ, 515 ಡಿಗ್ರಿಯಲ್ಲಿ ಕೆಲಸ ಮಾಡುತ್ತವೆ. 110 ಕೆಜಿಯವೂ ಇವೆ. 87 ಕೆಜಿಯ ಬಾಯ್ಲರ್‌ನಲ್ಲಿ ಒಂದು ಕೆಜಿ ಹಬೆಗೆ 3,000 ಕಿಲೋಜೌಲ್ ತಗಲುತ್ತದೆ, ಒಳ್ಳೆಯ ಟರ್ಬೈನ್ ಅದರಿಂದ 680 ಕಿಲೋಜೌಲ್ ಹಿಂಡಿಕೊಳ್ಳುತ್ತದೆ. ಅಂದರೆ ಟನ್ನಿಗೆ 190 ಯೂನಿಟ್‌ನ ಸಮೀಪ. ಇಲ್ಲಿ ಒಂದು ವಿಚಿತ್ರ ಕಾಣುತ್ತದೆ. ಹೆಚ್ಚಿಗೆ ಸುರಿದ ಶಾಖ 300 ಕಿಲೋಜೌಲ್, ಹೆಚ್ಚಿಗೆ ಬಂದ ವಿದ್ಯುತ್ತು 390. ಹಾಕಿದ್ದಕ್ಕಿಂತ ಹೆಚ್ಚು ಬಂದದ್ದು ಎಲ್ಲಿಂದ? ಹಳೆಯ ಟರ್ಬೈನ್‌ನಿಂದ ಹೊರಬರುತ್ತಿದ್ದ ಹಬೆ ಬೇಕಾದುದಕ್ಕಿಂತ ಹೆಚ್ಚು ಬಿಸಿಯಾಗಿರುತ್ತಿತ್ತು. ಅದಕ್ಕೆ ನೀರು ಚಿಮುಕಿಸಿ ತಣಿಸಿ ಪಾಕದ ಮನೆಗೆ ಕಳುಹಿಸಬೇಕಾಗಿತ್ತು. ಹಾಗೆ ಅಳಿಯುತ್ತಿದ್ದ ಗುಣಮಟ್ಟವನ್ನು ಹೊಸ ಟರ್ಬೈನ್ ಕೆಲಸಕ್ಕೆ ಹಚ್ಚಿದೆ. ಪಾಕದ ಮನೆಗೆ ಸಲ್ಲುವ ಉಪಯುಕ್ತ ಶಾಖ ಎರಡರಲ್ಲೂ ಹೆಚ್ಚುಕಡಿಮೆ ಒಂದೇ.

ಇದು ಅಷ್ಟು ಲಾಭದ್ದಾದರೆ ಕಾರ್ಖಾನೆಗಳು ಮೊದಲೇ ಏಕೆ ಮಾಡಲಿಲ್ಲ ಎಂಬ ಪ್ರಶ್ನೆಗೆ ಎಂಜಿನಿಯರುಗಳ ಅಜ್ಞಾನ ಉತ್ತರವಲ್ಲ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ 1933ರ ಹೊತ್ತಿಗೆ ಹೆಚ್ಚಿನ ಒತ್ತಡದ ಹಬೆಯ ಗುಣ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಸಕ್ಕರೆ ಕಾರ್ಖಾನೆಗಳು ಹಲವು ದಶಕ ತಗ್ಗು ಒತ್ತಡದ ಬಾಯ್ಲರ್‌ಗಳಲ್ಲೇ ಉಳಿದವು. ಏಕೆಂದರೆ ಅವರ ನಿಜವಾದ ತಲೆನೋವು ಸಿಪ್ಪೆ ಸಾಲದು ಎಂಬುದಾಗಿರಲಿಲ್ಲ, ಮಿಕ್ಕಿದ ಸಿಪ್ಪೆಯನ್ನು ಏನು ಮಾಡುವುದು ಎಂಬುದಾಗಿತ್ತು. ಹಗುರವಾಗಿ ಹರವಾಗಿರುವ ಅದನ್ನು ದೂರ ಸಾಗಿಸಿದರೆ ಬಾಡಿಗೆಯೂ ಹುಟ್ಟದು. ರಾಶಿ ಹಾಕಿದರೆ ಒಳಗೆ ತಾನೇ ಕಾಯ್ದು ಹೊತ್ತಿಕೊಳ್ಳುವ ಭಯ. ಬೂಷ್ಟು ಹಿಡಿದ ಸಿಪ್ಪೆಯ ದೂಳು ಕೂಲಿಗಳ ಶ್ವಾಸಕೋಶಕ್ಕೆ ಕೂತು ಬಗ್ಯಾಸೋಸಿಸ್ ಎಂಬ ಕಾಯಿಲೆ ತರುತ್ತದೆ. ಹೀಗಿರುವಾಗ ಸಿಪ್ಪೆಯನ್ನು ಪೋಲು ಮಾಡಿ ಉರಿಸಿ ಮುಗಿಸುವ ಬಾಯ್ಲರೇ ಜಾಣತನದ ಬಾಯ್ಲರ್. ಗಾಣಗಳನ್ನು ತಿರುಗಿಸಲು ಒಂದೊಂದಕ್ಕೂ ಪುಟ್ಟ ಹಬೆಯ ಟರ್ಬೈನ್ ಇಡುತ್ತಿದ್ದರು. ಅವುಗಳ ದಕ್ಷತೆ ಮೂರರಲ್ಲಿ ಒಂದು ಪಾಲಿನಷ್ಟಿದ್ದರೂ ಯಾರಿಗೂ ಬೇಸರವಿರಲಿಲ್ಲ. 5,000 ಟನ್ನಿನ ಕಾರ್ಖಾನೆ ಹಳೆಯ ಕ್ರಮದಲ್ಲಿ ಎಂಟು ಮೆಗಾವಾಟ್‌ನಷ್ಟು ಮಾಡಿಕೊಂಡು ತನ್ನ ಅಗತ್ಯ ಪೂರೈಸಿಕೊಳ್ಳುತ್ತಿತ್ತು. ಅದಕ್ಕಿಂತ ಹೆಚ್ಚು ಮಾಡಿದರೆ ಕೊಳ್ಳುವವರು ಇರಲಿಲ್ಲ.

ಕೊಳ್ಳುವವರು ಬಂದದ್ದು 1990ರ ದಶಕದಲ್ಲಿ. ಕೇಂದ್ರದ ಅಸಾಂಪ್ರದಾಯಿಕ ಇಂಧನ ಸಚಿವಾಲಯ ಇಂಥ ವಿದ್ಯುತ್ತಿಗೆ 1994–95ನ್ನು ಆಧಾರ ವರ್ಷವಾಗಿಟ್ಟು ಯೂನಿಟ್‌ಗೆ 2.25 ರೂಪಾಯಿ, ಮುಂದೆ ವರ್ಷಕ್ಕೆ ಶೇಕಡ 5ರ ಏರಿಕೆ ಎಂಬ ಮಾರ್ಗಸೂಚಿ ಕೊಟ್ಟಿತು. 2003ರ ವಿದ್ಯುತ್ ಕಾಯ್ದೆ ಸಹವಿದ್ಯುತ್ತಿಗೆ ಉತ್ತೇಜನ ಕೊಡುವುದನ್ನು ರಾಜ್ಯಗಳ ವಿದ್ಯುತ್ ನಿಯಂತ್ರಣ ಆಯೋಗಗಳ ಕೆಲಸದ ಪಟ್ಟಿಗೇ ಸೇರಿಸಿತು. ಬೆಲೆ ಸಿಗುವುದೇ ತಡ, ಬಾಯ್ಲರ್‌ಗಳ ಒತ್ತಡ 45, 67, 87 ಎಂದು ಮೆಟ್ಟಿಲು ಹತ್ತಿತು. ಗಾಣದ ಟರ್ಬೈನ್‌ಗಳ ಜಾಗಕ್ಕೆ ವಿದ್ಯುತ್ ಮೋಟಾರುಗಳು ಬಂದವು. ಈಗ ದೇಶದಲ್ಲಿ ಸಿಪ್ಪೆ ಉರಿಸುವ ಕೋಜೆನ್ ಸಾಮರ್ಥ್ಯ 9,000 ಮೆಗಾವಾಟ್ ದಾಟಿದೆ, ಅದರಲ್ಲಿ ದೊಡ್ಡ ಪಾಲು ಮಹಾರಾಷ್ಟ್ರ, ಉತ್ತರ ಪ್ರದೇಶ, ಕರ್ನಾಟಕ ಈ ಮೂರು ರಾಜ್ಯಗಳದ್ದು. ಉಷ್ಣಗತಿಶಾಸ್ತ್ರದ ನಿಯಮ ನೂರು ವರ್ಷದಲ್ಲಿ ಬದಲಾಗಿರಲಿಲ್ಲ. ಬದಲಾದದ್ದು ದರಪಟ್ಟಿ.

ಆದರೆ ಇಲ್ಲಿಂದಲೇ ಹಾದಿ ಕವಲೊಡೆಯಿತು. ಅದೇ 5,000 ಟನ್ನಿನ ಕಾರ್ಖಾನೆಯನ್ನು ಹೊಸ ಬಾಯ್ಲರ್ ಜೊತೆ ಇಟ್ಟುಕೊಳ್ಳೋಣ. ಗಂಟೆಗೆ ಸುಮಾರು 208 ಟನ್ ಕಬ್ಬು, 62 ಟನ್ ಸಿಪ್ಪೆ, ಅದರಿಂದ 143 ಟನ್ ಹಬೆ. ಕಬ್ಬಿನ ತೂಕದ ಶೇಕಡ 45ರಷ್ಟು ಹಬೆ ಪಾಕದ ಮನೆಗೆ ಬೇಕು ಎಂದಿಟ್ಟುಕೊಂಡರೆ ಅದು 94 ಟನ್. ಈ 94 ಟನ್ ಟರ್ಬೈನ್ ಹಾದುಹೋಗುವಾಗಲೇ ಹದಿನೇಳೂವರೆ ಮೆಗಾವಾಟ್ ಬರುತ್ತದೆ. ಉಳಿದ 49 ಟನ್ ಹಬೆಗೆ ಪಾಕದ ಮನೆಯಲ್ಲಿ ಕೆಲಸವಿಲ್ಲ. ಅದನ್ನು ಟರ್ಬೈನ್‌ನಲ್ಲಿ ಇನ್ನೂ ಕೆಳಕ್ಕೆ, ಕಂಡೆನ್ಸರ್‌ನ ನಿರ್ವಾತಕ್ಕೆ ಇಳಿಸಿ ಮತ್ತೆ 12 ಮೆಗಾವಾಟ್ ತೆಗೆಯುತ್ತಾರೆ. ಒಟ್ಟು 29–30. ಮಾರಾಟದ ಮೀಟರಿನಲ್ಲಿ ಎರಡೂ ಬಗೆಯ ಯೂನಿಟ್ ಒಂದೇ ಥರ ಓಡುತ್ತವೆ, ಹುಟ್ಟಿನಲ್ಲಿ ಮಾತ್ರ ಅಜಗಜಾಂತರ. ಪಾಕದ ಮನೆಗೆ ಹೋಗುವ ಹಬೆ ವಿದ್ಯುತ್ತಿಗಾಗಿ ಕಳೆದುಕೊಳ್ಳುವುದು ವಿದ್ಯುತ್ತಾಗಿ ಬದಲಾದ ಶಾಖವನ್ನು ಮಾತ್ರ. ಉಳಿದದ್ದಕ್ಕೆ ಹೇಗೂ ಗಿರಾಕಿಯಿದೆ. ಹಾಗಾಗಿ ಒಂದು ಯೂನಿಟ್‌ಗೆ ತಗಲುವ ಸಿಪ್ಪೆ ಅರ್ಧ ಕೆಜಿಗಿಂತ ತುಸು ಹೆಚ್ಚು. ಕಂಡೆನ್ಸರ್‌ಗೆ ಹೋಗುವ ಹಬೆಯಲ್ಲಿ ಕೆಜಿಗೆ 900 ಕಿಲೋಜೌಲ್ ವಿದ್ಯುತ್ತಾಗುತ್ತದೆ, ಮಿಕ್ಕ 2,100 ಕೂಲಿಂಗ್ ಟವರ್ ಹತ್ತಿ ಗಾಳಿಗೆ ಹೋಗುತ್ತದೆ. ಇಲ್ಲಿ ಒಂದು ಯೂನಿಟ್‌ಗೆ 1.7 ಕೆಜಿ ಸಿಪ್ಪೆ ಬೇಕು, ಮೂರು ಪಟ್ಟಿಗೂ ಹೆಚ್ಚು. ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, 680 ಕಿಲೋಜೌಲ್‌ನ ಫಸಲನ್ನು 900ಕ್ಕೆ ಏರಿಸಲು ಹಬೆಯಲ್ಲಿ ಉಳಿದಿದ್ದ ಉಪಯುಕ್ತ ಶಾಖವನ್ನೆಲ್ಲ ಬಿಟ್ಟುಕೊಟ್ಟಂತಾಯಿತು.

ಇದಕ್ಕೊಂದು ತೂಕದ ಆಕ್ಷೇಪ ಇದೆ. ಜೊತೆಯಾಗಿ ಹುಟ್ಟುವ ಎರಡು ವಸ್ತುಗಳ ನಡುವೆ ಉರುವಲನ್ನು ಹಂಚುವುದು ಲೆಕ್ಕಿಗನ ಇಷ್ಟ. ಉಳಿತಾಯವನ್ನೆಲ್ಲ ವಿದ್ಯುತ್ತಿನ ಖಾತೆಗೆ ಜಮಾ ಮಾಡಿದ್ದೀರಿ, ಹಬೆಯ ಖಾತೆಗೆ ಮಾಡಿದ್ದರೆ ಆಗ ವಿದ್ಯುತ್ತು ದುಬಾರಿಯಾಗಿ ಹಬೆ ಅಗ್ಗವಾಗುತ್ತಿತ್ತಲ್ಲ? ನಿಜ. ಲಾಭನಷ್ಟದ ಪುಸ್ತಕದಲ್ಲಿ ಅದನ್ನು ಹೇಗೆ ಬೇಕಾದರೂ ಬರೆಯಬಹುದು. ಆದರೆ ಕಾರ್ಖಾನೆ ನಿರ್ಧಾರ ಕೈಗೊಳ್ಳುವುದು ಹಂಚಿಕೆಯ ಮೇಲಲ್ಲ, ವ್ಯತ್ಯಾಸದ ಮೇಲೆ. ಸಕ್ಕರೆ ಮಾಡುವುದಂತೂ ಖಂಡಿತ. ಅದಕ್ಕೆ ಹಬೆ ಬೇಕೇ ಬೇಕು. ಆ ಹಬೆಯನ್ನು ತಗ್ಗು ಒತ್ತಡದಲ್ಲೇ ಹುಟ್ಟಿಸಿ ಸುಮ್ಮನಾಗುವುದಕ್ಕೂ ಹೆಚ್ಚು ಒತ್ತಡದಲ್ಲಿ ಹುಟ್ಟಿಸಿ ಟರ್ಬೈನ್ ಮೂಲಕ ಕಳುಹಿಸುವುದಕ್ಕೂ ನಡುವೆ ಎಷ್ಟು ಹೆಚ್ಚು ಸಿಪ್ಪೆ ಉರಿಯಿತು ಎಂಬುದು ಅಳೆದು ನೋಡಬಹುದಾದ ಸಂಗತಿ. ಅಲ್ಲಿ ಇಷ್ಟಾನಿಷ್ಟಕ್ಕೆ ಜಾಗವಿಲ್ಲ.

ಹಂಗಾಮಿನ ಆಕ್ಷೇಪ ಇನ್ನೂ ಹಳೆಯದು. ಕಬ್ಬು ಅರೆಯುವುದು ನವೆಂಬರಿನ ಆಸುಪಾಸಿನಿಂದ ಮಾರ್ಚ್–ಏಪ್ರಿಲ್‌ವರೆಗೆ, ಮಂಡ್ಯದ ಕಡೆ ಜುಲೈನಲ್ಲೂ ಒಂದು ಸುತ್ತು. ವರ್ಷದ ಅರ್ಧ ಕಾಲ ಮಲಗಿರುವ ಘಟಕವನ್ನು ನೆಚ್ಚುವುದು ಹೇಗೆ, ಅದೂ ಸೌರವಿದ್ಯುತ್ತು ಹರಾಜಿನಲ್ಲಿ ಯೂನಿಟ್‌ಗೆ 3 ರೂಪಾಯಿಗಿಂತ ಕಡಿಮೆಗೆ ಸಿಗುವಾಗ? ಕರ್ನಾಟಕದ ಮಟ್ಟಿಗೆ ಹಂಗಾಮು ದೋಷಕ್ಕಿಂತ ಹೆಚ್ಚು ಅನುಕೂಲವೇ ಆಗಿದೆ. ಶರಾವತಿಯ ಲಿಂಗನಮಕ್ಕಿಯಂಥ ಜಲಾಶಯಗಳು ಮುಂಗಾರಿನಲ್ಲಿ ತುಂಬಿ ಆಮೇಲೆ ಇಳಿಯುತ್ತಾ ಹೋಗುತ್ತವೆ. ರೈತರ ಪಂಪ್‌ಸೆಟ್‌ಗಳು ಎಡೆಬಿಡದೆ ಓಡುವುದೂ ರಾಜ್ಯದ ಬೇಡಿಕೆ ತುದಿಗೇರುವುದೂ ಅದೇ ಒಣ ತಿಂಗಳುಗಳಲ್ಲಿ. ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನ ಹೊತ್ತು ಮುಳುಗಿದ ಮೇಲೆ ಕೊಡುವುದು ಸೊನ್ನೆ, ಕಾರ್ಖಾನೆಯ ಗಾಣಗಳಾದರೋ ಹಗಲುರಾತ್ರಿ ನಿಲ್ಲವು. ರಾತ್ರಿ ಎಂಟರ ಯೂನಿಟ್ಟನ್ನೂ ಮಧ್ಯಾಹ್ನದ ಯೂನಿಟ್ಟನ್ನೂ ಒಂದೇ ಬೆಲೆಯಲ್ಲಿ ತೂಗುವುದು ಸರಿಯಲ್ಲ. ಹೊಗೆಯ ಮಾತು ಬಂದರೆ, ಸಿಪ್ಪೆಯಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ, ಅದು ಬಿಡುವ ಇಂಗಾಲ ಕಬ್ಬು ಬೆಳೆಯುವಾಗ ಗಾಳಿಯಿಂದಲೇ ಎಳೆದುಕೊಂಡದ್ದು. ಹಾರುವ ಬೂದಿ ಮಾತ್ರ ನಿಜವಾದ ಉಪದ್ರವ. ಬೂದಿ ಹಿಡಿಯುವ ಯಂತ್ರ ನೆಟ್ಟಗೆ ನಡೆಸದಿದ್ದರೆ ಸುತ್ತಲಿನ ಹಳ್ಳಿಯವರು ಒಣಹಾಕಿದ ಬಟ್ಟೆಯ ಮೇಲೇ ಅದರ ಸಾಕ್ಷಿ ಸಿಗುತ್ತದೆ.

ಹಂಗಾಮಿನ ಆಕ್ಷೇಪಕ್ಕೆ ಹೆದರಿ ಕೆಲವು ಘಟಕಗಳು ಹಿಡಿದ ದಾರಿಯನ್ನು ಸಮರ್ಥಿಸುವುದು ಮಾತ್ರ ಕಷ್ಟ. ಕಬ್ಬಿಲ್ಲದ ತಿಂಗಳುಗಳಲ್ಲಿ ಕಲ್ಲಿದ್ದಲು ತಂದು ಉರಿಸಿ, ಹಬೆಯನ್ನೆಲ್ಲ ಕಂಡೆನ್ಸರ್‌ಗೆ ಕಳುಹಿಸಿ ವಿದ್ಯುತ್ತು ಮಾರುವುದು. ಯಂತ್ರಗಳು ಖಾಲಿ ಕೂರಬಾರದು, ಬ್ಯಾಂಕಿನ ಕಂತು ನಿಲ್ಲದು ಎಂಬ ಅವರ ವಾದ ಅರ್ಥವಾಗುವಂಥದ್ದೇ. ಆದರೆ ಪಾಕದ ಮನೆ ನಿಂತ ದಿನವೇ ಅದು ಕೋಜೆನ್ ಆಗಿ ಉಳಿದಿರುವುದಿಲ್ಲ. ಇಂಧನದ ನಾಲ್ಕನೇ ಒಂದು ಪಾಲನ್ನಷ್ಟೇ ವಿದ್ಯುತ್ತಾಗಿಸುವ ಪುಟ್ಟ ಉಷ್ಣಸ್ಥಾವರ ಅದು. ಅದೇ ಕಲ್ಲಿದ್ದಲನ್ನು ರಾಯಚೂರಿನ ಯರಮರಸ್‌ನ 800 ಮೆಗಾವಾಟ್‌ನ ಸೂಪರ್‌ಕ್ರಿಟಿಕಲ್ ಘಟಕದಲ್ಲಿ ಉರಿಸಿದರೆ ಇದಕ್ಕಿಂತ ಎಷ್ಟೋ ಹೆಚ್ಚು ವಿದ್ಯುತ್ತು ಸಿಗುತ್ತದೆ. ನೀರಿನ ಲೆಕ್ಕವೂ ಇದೆ. ಕಂಡೆನ್ಸರ್‌ನಲ್ಲಿ ತಣಿಯುವ ಪ್ರತಿ ಟನ್ ಹಬೆಗೆ ಕೂಲಿಂಗ್ ಟವರ್‌ನಿಂದ ಹೆಚ್ಚುಕಡಿಮೆ ಒಂದು ಟನ್ ನೀರು ಆವಿಯಾಗುತ್ತದೆ. ಕಬ್ಬಿನ ತೂಕದ ಶೇಕಡ 70ರಷ್ಟು ನೀರೇ ಆದ್ದರಿಂದ ಅರೆಯುವ ಕಾಲದಲ್ಲಿ ಕಾರ್ಖಾನೆ ಆ ನೀರನ್ನೇ ಬಳಸಿಕೊಳ್ಳಬಲ್ಲದು. ಬೇಸಿಗೆಯಲ್ಲಿ, ಬೆಳಗಾವಿ–ಬಾಗಲಕೋಟೆಯಂಥ ಕಡೆ, ಅದು ಹೊಳೆಯಿಂದಲೋ ಬೋರ್‌ವೆಲ್‌ನಿಂದಲೋ ಬರಬೇಕು.

ಈ ತೊಡಕಿಗೆ ಇತ್ತೀಚೆಗೆ ಬಂದ ಪರಿಹಾರ ವಿದ್ಯುತ್ ಇಲಾಖೆಯಿಂದ ಬಂದದ್ದಲ್ಲ, ಪೆಟ್ರೋಲ್ ಬಂಕಿನ ಕಡೆಯಿಂದ. ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು, ಅದರ ಹಾದಿಯಲ್ಲಿ ಸಕ್ಕರೆ ಕಾರ್ಖಾನೆಗಳ ಪಕ್ಕ ದೊಡ್ಡ ಡಿಸ್ಟಿಲರಿಗಳು ಎದ್ದವು. ಬಟ್ಟಿ ಇಳಿಸಲು ಬೇಕಾಗುವುದೂ ತಗ್ಗು ಒತ್ತಡದ ಹಬೆಯೇ. ಕಾಕಂಬಿಯನ್ನು ತೊಟ್ಟಿಗಳಲ್ಲಿ ಕೂಡಿಡಬಹುದಾದ್ದರಿಂದ ಡಿಸ್ಟಿಲರಿ ಕಬ್ಬಿನ ಹಂಗಾಮಿಗೆ ಕಟ್ಟುಬಿದ್ದಿಲ್ಲ. ಅರೆಯುವ ದಿನಗಳಲ್ಲಿ ಕಂಡೆನ್ಸರ್‌ಗೆ ಹೋಗುತ್ತಿದ್ದ ಹಬೆಯ ಸಿಪ್ಪೆಯನ್ನು ಉಳಿಸಿಟ್ಟು ಮಳೆಗಾಲದಲ್ಲಿ ಡಿಸ್ಟಿಲರಿಗಾಗಿ ಉರಿಸಿದರೆ ವಿದ್ಯುತ್ತು ಮತ್ತೆ ಅರ್ಧ ಕೆಜಿಯ ದರಕ್ಕೆ ಇಳಿಯುತ್ತದೆ. ಮೆಗಾವಾಟ್‌ನ ಅಂಕಿ ಆಗ ಸಣ್ಣದಾಗಿ ಕಾಣುತ್ತದೆ, ಸಿಪ್ಪೆಗೆ ಸಿಕ್ಕ ಫಲ ದೊಡ್ಡದಿರುತ್ತದೆ.

ಆ ಸಿಪ್ಪೆ ಯಾರದ್ದು ಎಂಬ ಜಗಳವೂ ಇದೆ, ಅದು ಸಣ್ಣದಲ್ಲ. ಕಬ್ಬಿನ ಬೆಲೆಯನ್ನು ಸಕ್ಕರೆ ಇಳುವರಿಯ ಮೇಲೆ ಕಟ್ಟಿ, ಅದೇ ಗಾಡಿಯಲ್ಲಿ ಬಂದ ನಾರಿನಿಂದ ಬೆಳಕು ಮಾರುತ್ತಾರೆ ಎಂಬುದು ಬೆಳೆಗಾರರ ದೂರು. ಸಿ. ರಂಗರಾಜನ್ ಸಮಿತಿ 2012ರಲ್ಲಿ ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದ ಶೇಕಡ 70, ಇಲ್ಲವೇ ಬರೀ ಸಕ್ಕರೆಯ ಆದಾಯದ ಶೇಕಡ 75 ರೈತನಿಗೆ ಸಲ್ಲಲಿ ಎಂದಿತು. ಕರ್ನಾಟಕ 2013ರ ಕಬ್ಬು ಖರೀದಿ ಕಾಯ್ದೆಯಲ್ಲಿ ಆದಾಯ ಹಂಚಿಕೆಯ ತತ್ವವನ್ನು ಒಪ್ಪಿಕೊಂಡಿತು. ಸಿಪ್ಪೆಗೆ ಬೆಲೆ ಕಟ್ಟುವಾಗ ಅದರಿಂದ ಅಗ್ಗದ ಯೂನಿಟ್ ಬಂತೋ ದುಬಾರಿ ಯೂನಿಟ್ ಬಂತೋ ಎಂಬ ಮೇಲಿನ ಲೆಕ್ಕ ರೈತನಿಗೂ ಸಂಬಂಧಿಸಿದ್ದೇ.

ನನ್ನ ವಾದಕ್ಕೇ ತಿರುಗಿಬೀಳಬಲ್ಲ ಕೊನೆಯ ಆಕ್ಷೇಪ ಪಾಕದ ಮನೆಯಿಂದಲೇ ಬರುತ್ತದೆ. ಒಂದು ಪಾತ್ರೆಯಿಂದ ಎದ್ದ ಆವಿಯನ್ನು, ಇನ್ನಷ್ಟು ತಗ್ಗು ಒತ್ತಡದಲ್ಲಿರುವ ಮುಂದಿನ ಪಾತ್ರೆ ಕುದಿಸಲು ಬಳಸುವ ಯುಕ್ತಿಗೆ 1843ರಲ್ಲಿ ಪೇಟೆಂಟ್ ಪಡೆದವನು ನ್ಯೂ ಆರ್ಲಿಯನ್ಸ್‌ನ ನಾರ್ಬರ್ಟ್ ರಿಲ್ಯೂ, ಗುಲಾಮಗಿರಿ ಇನ್ನೂ ಜಾರಿಯಲ್ಲಿದ್ದ ಲೂಯಿಸಿಯಾನದಲ್ಲಿ ಹುಟ್ಟಿದ ಆಫ್ರಿಕನ್ ಮೂಲದ ಸ್ವತಂತ್ರ ಎಂಜಿನಿಯರ್. ಐದು ಪಾತ್ರೆಗಳ ಸಾಲಿನಲ್ಲಿ ಒಂದು ಕೆಜಿ ಹಬೆ ನಾಲ್ಕೈದು ಕೆಜಿ ನೀರನ್ನು ಓಡಿಸುತ್ತದೆ. ಈ ಸಾಲನ್ನು ಬಿಗಿಗೊಳಿಸುತ್ತಾ ಹೋದಂತೆ ಪಾಕದ ಮನೆಯ ಹಸಿವು ಕಬ್ಬಿನ ಶೇಕಡ 50ರಿಂದ 40ಕ್ಕೆ, ಇನ್ನೂ ಕೆಳಕ್ಕೆ ಇಳಿಯುತ್ತಿದೆ. ಶಾಖದ ಬಳಕೆಯೇ ಕೋಜೆನ್‌ನ ಅಳತೆಯಾದರೆ, ಶಾಖ ಉಳಿಸಿದಷ್ಟೂ ಕೋಜೆನ್ ಕುಗ್ಗಬೇಕಲ್ಲವೇ? ಕುಗ್ಗಬೇಕು, ಅದರಲ್ಲಿ ನಷ್ಟವೇನೂ ಇಲ್ಲ. ಹಬೆಯ ಬೇಡಿಕೆ ಶೇಕಡ 30ಕ್ಕೆ ಇಳಿದರೆ ನಮ್ಮ 5,000 ಟನ್ನಿನ ಕಾರ್ಖಾನೆ ಗಂಟೆಗೆ 27 ಟನ್ ಸಿಪ್ಪೆಯಲ್ಲೇ ಪಾಕ ಕಾಯಿಸಿ, ಹನ್ನೆರಡು ಮೆಗಾವಾಟ್‌ನ ಹತ್ತಿರ ಮಾಡಿ, ತನ್ನ ಮನೆಯ ಬೇಡಿಕೆ ತೀರಿಸಿಕೊಳ್ಳುತ್ತದೆ. 35 ಟನ್ ಮಿಗುತ್ತದೆ. ಆ ಮಿಗುವ ಸಿಪ್ಪೆಗೆ ಬೇರೆ ಗಿರಾಕಿಗಳಿದ್ದಾರೆ. ತಮಿಳುನಾಡಿನ ಕರೂರು ಜಿಲ್ಲೆಯಲ್ಲಿ ತಮಿಳುನಾಡು ನ್ಯೂಸ್‌ಪ್ರಿಂಟ್ ಅಂಡ್ ಪೇಪರ್ಸ್ 1980ರ ದಶಕದಿಂದ ಸಿಪ್ಪೆಯಿಂದ ಕಾಗದ ಮಾಡುತ್ತಿದೆ; ಸಕ್ಕರೆ ಕಾರ್ಖಾನೆಗಳಿಗೆ ಬದಲಿ ಉರುವಲು ಅಥವಾ ಹಬೆ ಕೊಟ್ಟು ಅವುಗಳ ಸಿಪ್ಪೆ ಪಡೆಯುವ ಕ್ರಮ ಅದರದ್ದು. ನಾರಿನಿಂದಲೇ ಎಥನಾಲ್ ತೆಗೆಯುವ ಘಟಕಗಳೂ ಬರುತ್ತಿವೆ. ಹೀಗಾಗಿ ಕಂಡೆನ್ಸರ್‌ಗೆ ಹೋಗುವ ಕವಾಟದ ಮುಂದೆ ನಿಂತ ವ್ಯವಸ್ಥಾಪಕ ಕೇಳಿಕೊಳ್ಳಬೇಕಾದ ಪ್ರಶ್ನೆ ನೇರವಾದದ್ದು: ರಾತ್ರಿಯ ಒಂದು ಯೂನಿಟ್‌ಗೆ ಸಿಗುವ ದರ ಹೆಚ್ಚೋ, 1.7 ಕೆಜಿ ಸಿಪ್ಪೆಗೆ ಕಾಗದದವರು ಕೊಡುವ ಬೆಲೆ ಹೆಚ್ಚೋ? ಉತ್ತರ ಕಾರ್ಖಾನೆಯಿಂದ ಕಾರ್ಖಾನೆಗೆ, ಕಾಗದದ ಗಿರಣಿ ಎಷ್ಟು ಕಿಲೋಮೀಟರ್ ದೂರವಿದೆ ಎಂಬುದರ ಮೇಲೆ ಬದಲಾಗುತ್ತದೆ.